ಮೇಲಕ್ಕೆ ಬಿಟ್ಟ ಗಾಳ

ಚಳಿಗಾಲದಲ್ಲಿ ಜಲಾಶಯದ ನೀರು ನೆಲ ಬಿಟ್ಟು ಮೇಲೇಳುವುದು ಆ ಬಯಲುಸೀಮೆಯವರಿಗೆ ಹೊಸದೇನಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಅದು ತಾನಾಗಿಯೇ ಕೆಳಗಿಳಿಯುತ್ತದೆ. ಅಲ್ಲಿಯವರೆಗೆ ಮೀನು ಬೇಕೆಂದವರು ಗಾಳವನ್ನು ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡಬೇಕು.

ಬೆಳಗಿನಿಂದಲೂ ಸಾಬವ್ವ ಒಣಗಿದ ತಳದಲ್ಲಿ ದಾರ ಹಿಡಿದು, ತಲೆಯೆತ್ತಿ ನಿಂತಿದ್ದಳು.

“ನಡಿ ತಂಗಿ, ಈ ಥಂಡ್ಯಾಗ ಮೀನ ಬಾಯಿ ತೆರಿಯಂಗಿಲ್ಲ,” ಎಂದ ಅಣ್ಣ ದ್ಯಾಮಣ್ಣ.

“ನೀ ಬೇಕಾದ್ರ ಹೋಗಣ್ಣ. ಜ್ವರ ಬಿಟ್ಟ ಮ್ಯಾಲ ಅವ್ವ ಇವತ್ತ ಬಾಯಿಬಿಟ್ಟು ಮೀನ ಕೇಳ್ಯಾಳ. ಬರಿಗೈಲೆ ಹೋಗಾಕಿ ಅಲ್ಲ ನಾ.”

ಇಳಿಹೊತ್ತಿಗೆ ದಾರ ಜಗ್ಗಿತು. ದೊಡ್ಡ ಕೊರವ ಮೀನು! ಅದು ಎಳೆದ ರಭಸಕ್ಕೆ ಸಾಬವ್ವನ ಕಾಲುಗಳು ನೆಲ ಬಿಟ್ಟವು.

“ದಾರ ಬಿಟ್ಟಬಿಡು ತಂಗಿ!” ದ್ಯಾಮಣ್ಣ ಕೂಗಿದ.

“ಬಿಡಂಗಿಲ್ಲ!”

ಅವನು ಓಡಿಬಂದು ಹಾರಿ ಅವಳ ಕಾಲುಗಳನ್ನು ಅಪ್ಪಿಕೊಂಡ. ಇಬ್ಬರ ಭಾರ ತಡೆಯದೆ ಮೀನು ನೀರಿನಿಂದ ಕಳಚಿತು. ಅಣ್ಣ, ತಂಗಿ, ಮೀನು ಮೂವರೂ ದೊಪ್ಪನೆ ಮರಳಿಗೆ ಬಿದ್ದರು.

ಊಟದ ಹೊತ್ತಿಗೆ ಅವ್ವ ಗೋಡೆಗೊರಗಿ ಕೂತು, ರೊಟ್ಟಿ ಮುರಿದು ಮೀನಿನ ಸಾರು ಉಂಡಳು. ಆಮೇಲೆ ಬೋಗುಣಿಯಲ್ಲಿ ಕೈಯಾಡಿಸಿ ಹುಬ್ಬು ಗಂಟಿಕ್ಕಿದಳು.

“ತಲಿ ಯಾರಿಗೆ ಹಾಕಿದ್ರಿ?”

ದ್ಯಾಮಣ್ಣ ಮೀನಿನ ತಲೆಯಿದ್ದ ತನ್ನ ತಾಟನ್ನು ಮೆಲ್ಲಗೆ ಅವಳ ಮುಂದಕ್ಕೆ ಸರಿಸಿದ.