ಮೈಮೇಲಿನ ಕೆಲಸ

ಒಪ್ಪಿಕೊಂಡ ಕೆಲಸವೆಲ್ಲ ನಿಜವಾದ ತೂಕವಾಗಿಯೇ ಮೈಮೇಲೆ ಕೂರತೊಡಗಿ, ಹಳೆಯ ಕುರ್ಚಿಗಳು ಮುರಿದ ಮೇಲೆ ಹುಬ್ಬಳ್ಳಿಯ ಆ ಸಾಫ್ಟ್‌ವೇರ್ ಕಚೇರಿಯವರು ಕುರ್ಚಿಗಳನ್ನೆಲ್ಲ ಕಬ್ಬಿಣದವಕ್ಕೆ ಬದಲಿಸಿದ್ದರು. ತಂಡವೊಂದರ ಮುಖ್ಯಸ್ಥೆ ಶೈಲಜಾ ಯಾವ ಕೆಲಸಕ್ಕೂ ಇಲ್ಲವೆನ್ನದೆ, ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದಳು. ಪಕ್ಕದ ತಂಡದ ಮುಖ್ಯಸ್ಥೆ ನಸೀಮಾ ಮಾತ್ರ ಮೆಟ್ಟಿಲನ್ನು ಓಡುತ್ತ ಹತ್ತುತ್ತಿದ್ದಳು. ಅವಳ ತಂಡದ ಕೆಲಸ ಹೇಳಿದ ದಿನಕ್ಕೇ ಮುಗಿಯುತ್ತಿತ್ತು. ಅವಳನ್ನು ಕಂಡರೆ ಶೈಲಜಾಳ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು.

ಒಂದು ಮಧ್ಯಾಹ್ನ ಸಾಹೇಬರು ಇಬ್ಬರನ್ನೂ ಕರೆದು, ತುರ್ತು ಕೆಲಸವೊಂದು ಬಂದಿದೆ ಎಂದರು.

"ನಸೀಮಾಗ ಕೊಡ್ರಿ ಸರ್, ಅಕಿ ಹಗುರ ಅದಾಳ," ಎಂದಳು ಶೈಲಜಾ. ಅವಳೂ ಒಮ್ಮೆ ಕುಸಿಯಲಿ ಎಂಬುದೇ ಒಳಗಿನ ಆಸೆ.

"ಈಗ ಹಿಡಿದದ್ದು ಮುಗಿಯೂತನಕ ಆಗೂದಿಲ್ರಿ ಸರ್. ಸೋಮವಾರ ತಗೋತೀನಿ," ಎಂದಳು ನಸೀಮಾ.

ಸಾಹೇಬರು ಸಿಟ್ಟಾಗುತ್ತಾರೆಂದು ಶೈಲಜಾ ಕಾದಳು. ಅವರು, "ಆತು, ಸೋಮವಾರನ ತಗೋವಾ," ಎಂದುಬಿಟ್ಟರು.

ಅಷ್ಟು ಸುಲಭವಾಗಿ! ಶೈಲಜಾಗೆ ತಡೆಯಲಾಗಲಿಲ್ಲ. "ಸೋಮವಾರ ಯಾಕ್ರಿ ಸರ್? ಇವತ್ತ ನಾನ ಮಾಡ್ತೀನಿ!"

ಮಾತು ಮುಗಿಯುವಷ್ಟರಲ್ಲಿ ಆ ಕೆಲಸದ ಭಾರವೂ ಮೈಮೇಲೆ ಬಿದ್ದು ಅವಳು ನೆಲಕ್ಕೆ ಕುಸಿದಳು. ನಸೀಮಾ ಓಡಿ ಬಂದು, "ಅಕ್ಕಾರ, ಕೈ ಹಿಡೀರಿ," ಎಂದಳು.

ಆ ಕೈ ಹೂವಿನಷ್ಟು ಹಗುರವಾಗಿತ್ತು. ಅದನ್ನು ಕಚ್ಚಿಬಿಡಬೇಕು ಎನಿಸಿತು ಶೈಲಜಾಗೆ. ಆದರೂ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.