ಮನಸ್ಸು ನೋಡುವ ಪ್ಲೇಯರ್

ಹಾಡು ಹಾಕಿದವರ ಮನಸ್ಸು ಅತ್ತಿತ್ತ ಹೋದರೆ ತಕ್ಷಣ ನಿಂತುಬಿಡುವ ಪ್ಲೇಯರುಗಳು ಬಂದ ಮೇಲೂ ಜಯತೀರ್ಥ ಹಳೆಯದನ್ನೇ ಇಟ್ಟುಕೊಂಡಿದ್ದ. ಅದರಲ್ಲಿ ಹಾಡು ಹಾಕಿಕೊಂಡು ಆಫೀಸಿನ ಕೆಲಸ ಮಾಡಬಹುದಿತ್ತು. ಆದರೆ ತನಗೆ ಸಂಗೀತ ಕಲಿಸಿದ್ದ ವನಮಾಲಾ ಟೀಚರ್ ಮನೆಗೆ ಬಂದ ದಿನ ಕಂಪ್ಯೂಟರಿನಲ್ಲಿ ಹೊಸದನ್ನು ತೆರೆದ.

"ನೀವು ಹಾಡಿರೋ ತೋಡಿ ರಾಗಾನ ದಿನಾ ಕೇಳ್ತೀನಿ ಟೀಚರ್. ಕಂಪ್ರೆಸ್ ಮಾಡದ ಫೈಲು, ತಂಬೂರಿ ತಂತೀನೂ ಕೇಳ್ಸತ್ತೆ."

ಆಲಾಪನೆ ಶುರುವಾಯಿತು. ಮೆಚ್ಚಿಕೊಂಡರೇ ಎಂದು ಅವನು ಅವರ ಮುಖ ನೋಡಿದ. ಹಾಡು ನಿಂತಿತು. ಮತ್ತೆ ಒತ್ತಿದ, ಮನಸ್ಸೆಲ್ಲ ಆಗಲೇ ಆದ ಅವಮಾನದಲ್ಲಿತ್ತು, ಮತ್ತೆ ನಿಂತಿತು. ಮುಂದಿನ ಸಲ ಒಂದು ಸ್ವರವೂ ಹೊರಡಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಇರ್ಲಿ ಬಿಡೋ," ಎಂದರು ಟೀಚರ್, ಮೆಲ್ಲಗೆ. "ಹಳೇದನ್ನೇ ಹಾಕು. ಅದು ಯಾರೂ ಕೇಳ್ದೇ ಇದ್ರೂ ಹಾಡತ್ತೆ."