ಆರರಿಂದ ಹನ್ನೆರಡಕ್ಕೆ

ಮಾರ್ಚ್ ಒಂದು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಟ್ರ್ಯಾಕ್ಟರ್ ಮೂರನೆಯ ಸಲ ಮುಲುಗಿ ಸುಮ್ಮನಾಯಿತು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮೇಡಂ ತಮ್ಮ ಯಜಮಾನರ ಮುಖ ನೋಡಿದರು. ಯಜಮಾನರು ಟ್ರ್ಯಾಕ್ಟರಿನ ಮುಖ ನೋಡಿದರು.

ಬೀದಿಗೆಲ್ಲ ಆಕೆ ಮೇಡಂ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೂ ಪಾಠ ನಿಂತಿರಲಿಲ್ಲ. ಸಂಜೆಯಾದರೆ ಟ್ಯೂಷನ್ ಮಕ್ಕಳು ಹಾಲ್ ತುಂಬಿ, ಅಡುಗೆಮನೆಗೆ ಹರಿದು, ಕೊನೆಯ ಸಾಲಿನವರು ಫ್ರಿಜ್ಜಿಗೆ ಒರಗಿಕೊಂಡು ಓಮ್‌ನ ನಿಯಮ ಬರೆಯುತ್ತಿದ್ದರು. ಮನೆಗೆ ಅಂಟಿಕೊಂಡೇ ದೊಡ್ಡದೊಂದು ಶೆಡ್ಡಿತ್ತು. ಅದರ ತುಂಬ ಮಾವನ ಕಾಲದ ಟ್ರ್ಯಾಕ್ಟರ್ ಕಾಲು ಚಾಚಿಕೊಂಡಿತ್ತು.

ಉಳಲು ಹೊಲವಿರಲಿಲ್ಲ, ಅದನ್ನು ಎಂದೋ ಮಾರಿಯಾಗಿತ್ತು. ಆದರೂ ಯಜಮಾನರು ವಾರಕ್ಕೊಮ್ಮೆ ಗಾಡಿ ಒರೆಸುತ್ತಿದ್ದರು, ಮಾತಾಡಿಸುತ್ತಿದ್ದರು. ಹೆಂಡತಿಗೆ ಜ್ವರ ಬಂದರೆ ಹಣೆ ಮುಟ್ಟದ ಮನುಷ್ಯ ರೇಡಿಯೇಟರ್ ಮುಟ್ಟಿ ನೋಡುತ್ತಾರೆಂದು ಮೇಡಂ ತಂಗಿಯ ಹತ್ತಿರ ದೂರಿಕೊಂಡಿದ್ದರು.

ಕೊನೆಗೂ ಒಬ್ಬ ಗಿರಾಕಿ ಸಿಕ್ಕಿದ್ದರು. ಹಳೆಯ ಟ್ರ್ಯಾಕ್ಟರುಗಳನ್ನು ಸಂಗ್ರಹಿಸುವವರು. ಹಿಂದಿನ ದಿನ ಅವರೊಡನೆ ಫೋನಿನಲ್ಲಿ ಮಾತಾಡಿದ್ದು ಯಜಮಾನರೇ. ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕಂತೆ, ಮೂರು ವಾರ ಬಿಟ್ಟು ಬರುತ್ತಾರಂತೆ ಎಂದು ವರದಿ ಒಪ್ಪಿಸಿ, ಹೆಂಡತಿಯ ಜೊತೆ ಒಂದು ಕರಾರನ್ನೂ ಮಾಡಿಕೊಂಡಿದ್ದರು.

"ಇವರು ತಗೊಂಡು ಹೋದ್ರೆ ನಾನು ತುಟಿ ಬಿಚ್ಚಲ್ಲ. ಇವರೂ ಬೇಡ ಅಂದ್ರೆ ನೀನು ಮಾರೋ ಮಾತು ಮತ್ತೆ ಎತ್ತಬಾರ್ದು."

ಮೇಡಂ ಹಿಂದೆ ಮುಂದೆ ನೋಡದೆ ಒಪ್ಪಿದ್ದರು. ಈಗ ಈ ಮುಲುಗಾಟ ಕೇಳಿ, ಒಪ್ಪಿದ್ದು ತಪ್ಪಾಯಿತೇನೋ ಎನಿಸಿತು.

"ಆರು ವೋಲ್ಟಿನ ಗಾಡಿ ಅಲ್ವಾ, ಹೀಗೇನೇ," ಎಂದರು ಯಜಮಾನರು, ಕೈ ಒರೆಸಿಕೊಳ್ಳುತ್ತ. "ಹನ್ನೆರಡು ಮಾಡಿಸ್ಕೊಂಡವರೂ ಇದಾರೆ. ನಮ್ಮಪ್ಪನ ಗಾಡಿಗೆ ಅದೆಲ್ಲ ಬೇಡ ಬಿಡು."

ಬೇಡ ಅಂದದ್ದೇ ಸಾಕಾಯಿತು. ಮೇಡಂ ಅಲ್ಲೇ ಪಾಠ ಶುರುಮಾಡಿದರು. ಅಷ್ಟೇ ಕೆಲಸಕ್ಕೆ ವೋಲ್ಟ್ ದುಪ್ಪಟ್ಟಾದರೆ ಕರೆಂಟ್ ಅರ್ಧ ಸಾಕು. ಕಿಲುಬು ಹಿಡಿದ ತಂತಿಗಳಲ್ಲಿ ಸುಮ್ಮನೆ ಬಿಸಿಯಾಗಿ ಪೋಲಾಗುವುದು ಕಾಲು ಭಾಗಕ್ಕಿಳಿಯುತ್ತದೆ. ಹಳೆಯ ಸೆಲ್ಫ್ ಮೋಟರ್ ಸುಟ್ಟುಹೋದರೆ ಏನು ಗತಿ ಎಂದು ಯಜಮಾನರು ಒಂದು ಕೊಕ್ಕೆ ಹಾಕಿದರು. ಅರೆಕ್ಷಣ ತಿರುಗುವ ಮೋಟರಿಗೆ ಏನೂ ಆಗದೆಂದು ಮೇಡಂ ಆ ಕೊಕ್ಕೆ ಬಿಡಿಸಿದರು. ಯಜಮಾನರು ಸೋತರು. ಜೀವಮಾನವಿಡೀ ಜನರಿಗೆ ವಿಮೆ ಮಾರಿದ ಮನುಷ್ಯ ಮನೆಯೊಳಗೆ ಒಂದು ವಾದವನ್ನೂ ಗೆದ್ದವರಲ್ಲ.

"ಸರಿ ಕಣೇ, ನಿನ್ನಿಷ್ಟ. ಆದ್ರೆ ನೀನೇ ನಿಂತು ಮಾಡಿಸ್ಬೇಕು. ಯಾರಾದ್ರೂ ಕೇಳಿದ್ರೆ ಇದೆಲ್ಲ ನಮ್ಮನೆಯವಳ ತಲೆ ಅಂತೀನಿ."

ಮದುವೆಯಾದಾಗಿನಿಂದ ಇಂಥ ಮೆಚ್ಚುಗೆ ಕೇಳಿರದ ಮೇಡಂ ಹಿಗ್ಗಿಹೋದರು.

ಮರುದಿನವೇ ಆಟೋ ಎಲೆಕ್ಟ್ರಿಷಿಯನ್ ಬಂದ. ಸಿಡುಕಿಗೆ ಹೆಸರಾಗಿದ್ದ ಅವನನ್ನು ಎಲ್ಲರೂ ಫ್ಯೂಸಣ್ಣ ಎನ್ನುತ್ತಿದ್ದರು. ಮೇಡಂ ಎದುರು ಅವನ ಸಿಡುಕು ನಡೆಯಲಿಲ್ಲ. ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಡೈನಮೊ ಇಳಿಯಿತು. ಅದರ ಬದಲಿಗೆ ಆಲ್ಟರ್ನೇಟರ್ ಕೂರಲೆಂದು ಡೈನಮೊದ ಹಳೆಯ ಕಬ್ಬಿಣದ ಹಿಡಿಯನ್ನು ಕೊಯ್ದು ತೆಗೆದರು. ಅಲ್ಲಿಯತನಕ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ ಸೇರಿತ್ತು. ಈಗ ಮೈನಸ್ ಸೇರಿತು. ಕಾಯಿಲ್ ಹೊಸದಾಯಿತು, ಬಲ್ಬುಗಳು ಹೊಸವಾದವು. ಎಂಜಿನ್ ಓಡಿಸಿದರೆ ಆಂಪಿಯರ್ ಮೀಟರಿನ ಮುಳ್ಳು ಮಾತ್ರ ಉಲ್ಟಾ ಓಡಿತು. ಫ್ಯೂಸಣ್ಣ ಹೊಸ ಮೀಟರಿಗೆ ಕೈಚಾಚಿದ. ಮೇಡಂ ಅದರ ಎರಡು ತಂತಿಗಳನ್ನು ಅದಲುಬದಲು ಮಾಡಿಸಿದರು, ಮುಳ್ಳು ದಾರಿಗೆ ಬಂತು.

"ನೀವು ಅಂಗಡಿ ಇಟ್ರೆ ನಾನು ಊರು ಬಿಡೋದೇ, ಮೇಡಂ."

ಯಜಮಾನರು ಚಹಾ ತಂದುಕೊಟ್ಟರು, ಟಾರ್ಚ್ ಹಿಡಿದರು. ಹಳೆಯ ವೈರು ಎಲ್ಲಿಯಾದರೂ ಉಳಿದಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದರು. ಮಾಡುವುದಾದರೆ ಅರ್ಧಂಬರ್ಧ ಬೇಡ ಎಂದರು. ಸೊಟ್ಟ ಮೊಳೆಯನ್ನೂ ಬಿಸಾಡದೆ ಡಬ್ಬಿಯಲ್ಲಿ ತುಂಬಿಡುವವರು, ಡೈನಮೊವನ್ನೂ ಹಳೆಯ ವೈರುಗಳನ್ನೂ ತಾವೇ ಹೊತ್ತು ಗುಜರಿಯವನ ಗಾಡಿಗೆ ಹಾಕಿಬಂದರು. ಅಪ್ಪನ ಟ್ರ್ಯಾಕ್ಟರ್ ಕೈಬಿಟ್ಟು ಹೋಗುವುದಕ್ಕೆ ಪಾಪ, ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡರು ಮೇಡಂ. ಅಂದು ಅವರ ಚಹಾಕ್ಕೆ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಇಪ್ಪತ್ತೆರಡನೆಯ ತಾರೀಕು ಸಂಗ್ರಾಹಕರು ಲಾರಿಯನ್ನೇ ತಂದರು. ಮೇಡಂ ತಾವೇ ಗುಂಡಿ ಒತ್ತಿದರು. ಬೆರಳು ತೆಗೆಯುವ ಮೊದಲೇ ಎಂಜಿನ್ ಗುಡುಗಿತು; ಶೆಡ್ಡಿನ ತಗಡು ನಡುಗಿತು. ಸಂಗ್ರಾಹಕರ ಮುಖ ಅರಳಿತು. ಶೆಡ್ಡು ಟ್ಯೂಷನ್ನಿಗೆ ಸಿಕ್ಕಂತೆಯೇ; ಕಪ್ಪುಹಲಗೆ ಯಾವ ಗೋಡೆಗೆ ಎಂದು ಮೇಡಂ ಮನಸ್ಸಿನಲ್ಲೇ ಮೊಳೆ ಹೊಡೆದಾಗಿತ್ತು.

ಸಂಗ್ರಾಹಕರು ಎಂಜಿನ್ ಆರಿಸಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಆಲ್ಟರ್ನೇಟರ್ ನೋಡಿದರು. ಕೊಯ್ದ ಕಬ್ಬಿಣವನ್ನು ಬೆರಳಿನಿಂದ ಸವರಿದರು. ಹೆಡ್‌ಲೈಟ್ ಹಾಕಿ ಆರಿಸಿದರು. ಕೊನೆಗೆ ಜೇಬಿನಿಂದ ಚಿಕ್ಕ ಮೀಟರೊಂದನ್ನು ತೆಗೆದು ಬ್ಯಾಟರಿಗೆ ಹಿಡಿದು, ಯಜಮಾನರತ್ತ ತಿರುಗಿದರು.

"ಫೋನಲ್ಲಿ ನಾನು ಇಟ್ಟಿದ್ದು ಒಂದೇ ಷರತ್ತು. ಒಂದು ವೈರೂ ಬದಲಾಗಿರಬಾರ್ದು, ಆರು ವೋಲ್ಟಲ್ಲೇ ಸ್ಟಾರ್ಟ್ ಆಗ್ಬೇಕು, ಇಲ್ಲಾಂದ್ರೆ ಈ ಗಾಡಿ ನನಗೆ ಬೇಡ ಅಂದಿದ್ದೆ. ಆರೇ ಇದೆ ಅಂದ್ರಲ್ಲ ನೀವು?"

"ಆವತ್ತು ಆರೇ ಇತ್ತು, ಸಾರ್," ಎಂದರು ಯಜಮಾನರು, ಬಲು ವಿನಯದಿಂದ.

ಮೇಡಂ ಬಗ್ಗಿ ಮೀಟರ್ ನೋಡಿದರು: ಹನ್ನೆರಡು ಪಾಯಿಂಟ್ ಆರು ವೋಲ್ಟ್.